ಬಾವುಟದ ಯತ್ತಪ್ಪ ಕೇಳಿದ ಪ್ರಶ್ನೆ

ಬಿರಿಯಾನಿ ಪೊಟ್ಟಣದಲ್ಲಿ ಈ ಸಲ ಮೊಟ್ಟೆ ಇರಲಿಲ್ಲ.

ಯತ್ತಪ್ಪ ಮೊದಲು ಅನ್ನದ ಅಡಿಯಲ್ಲಿ ಹುಡುಕಿದ. ಕೆಲವು ಸಲ ಅಡುಗೆಯವರು ಮೊಟ್ಟೆಯನ್ನು ತಳದಲ್ಲಿಟ್ಟು ಮೇಲೆ ಅನ್ನ ಮುಚ್ಚುವುದುಂಟು. ತಳದಲ್ಲೂ ಇರಲಿಲ್ಲ. ಪಕ್ಕದವನ ಪೊಟ್ಟಣಕ್ಕೆ ಇಣುಕಿದ, ಅಲ್ಲೂ ಇರಲಿಲ್ಲ. ಕೊಳಾಲದ ಆಚೆಯ ಒಣಗಿದ ಕೆರೆಯಂಗಳದಲ್ಲಿ ವರ್ಷಕ್ಕೊಂದು ದಿನ ಕಾರು, ಜೀಪುಗಳ ರೇಸು ನಡೆಯುತ್ತದೆ. ಅದಕ್ಕೆ ಹನ್ನೊಂದು ವರ್ಷದಿಂದ ಬಾವುಟ ಬೀಸುತ್ತಿದ್ದವನು ಯತ್ತಪ್ಪ. ಬೆಳಗಿನಿಂದ ಬಿಸಿಲಲ್ಲಿ ನಿಂತು, ಗಾಡಿಗಳು ಎಬ್ಬಿಸಿದ ಧೂಳು ನುಂಗಿ, ರೆಪ್ಪೆ ಬಡಿದರೆ ಕೆನ್ನೆಯ ಮೇಲೆ ಮಣ್ಣುದುರುವಂತಾದಾಗ ಅವನ ಪಾಲಿಗೆ ಬರುತ್ತಿದ್ದುದು ಒಂದು ಟೋಪಿ, ಒಂದು ಬಿರಿಯಾನಿ ಮತ್ತು ಅದರೊಳಗೊಂದು ಮೊಟ್ಟೆ.

ಪೊಟ್ಟಣ ಹಂಚುವವನನ್ನು ಕೇಳಿದ್ದಕ್ಕೆ ಅವನು, "ಸಂಸ್ಥೆಯೋರು ಈ ಸಲ ಮೊಟ್ಟೆ ಬ್ಯಾಡ ಅಂದ್ರು ಕಣಣ್ಣ. ಲಾಭ ಇಲ್ದಿರೋ ಸಂಸ್ಥೆ ಅಂತಲ್ಲ, ಅದಕ್ಕೆ" ಎಂದ.

ಯತ್ತಪ್ಪನಿಗೆ ಅದು ಸರಿಯೆನಿಸಿತು. ಲಾಭವೇ ಇಲ್ಲದವರು ಮೊಟ್ಟೆ ಎಲ್ಲಿಂದ ತಂದಾರು ಎಂದುಕೊಂಡು ಉಂಡು ಕೈ ತೊಳೆದ.

ಬಾವುಟ ಅವನ ಕೈಗೆ ಬಂದದ್ದೇ ಒಂದು ಆಕಸ್ಮಿಕ. ಮೊದಲ ರೇಸಿನ ದಿನ ಅವನ ಕುರಿಗಳು ಕೆರೆಯಂಗಳದ ನಟ್ಟನಡುವೆ ಮೇಯುತ್ತಿದ್ದವು. ಎದುರಿನಿಂದ ಗಾಡಿಗಳು ಅರಚಿಕೊಂಡು ಬರುವುದನ್ನು ಕಂಡು ಅವನು ಹೆಗಲ ಮೇಲಿನ ಕೆಂಪು ಟವಲನ್ನು ಎತ್ತಿ ಬೀಸಿದ. ಗಾಡಿಗಳು ನಿಂತವು, ಕುರಿಗಳು ನಿಧಾನವಾಗಿ ದಾಟಿದವು. ಮೋಟಾರು ಕ್ರೀಡಾ ಸೇವಾ ಸಂಸ್ಥೆಯ ಕಾರ್ಯದರ್ಶಿ ನಂದೀಶ್ವರಯ್ಯನವರು ಬಯ್ಯುತ್ತಾರೆಂದು ಎಲ್ಲರೂ ಕಾದರೆ, ಅವರು ಇಷ್ಟು ಚೆನ್ನಾಗಿ ಗಾಡಿ ನಿಲ್ಲಿಸುವವನು ನಮ್ಮಲ್ಲಿ ಯಾರಿದ್ದಾನೆ ಎಂದು ಅವನನ್ನೇ ಬಾವುಟಕ್ಕೆ ನಿಲ್ಲಿಸಿದರು. ವರ್ಷದ ಉಳಿದ ದಿನಗಳಲ್ಲಿ ಯತ್ತಪ್ಪನ ಮಾತನ್ನು ಕುರಿಗಳೂ ಕೇಳುತ್ತಿರಲಿಲ್ಲ. ಆ ಒಂದು ದಿನ ಮಾತ್ರ ತಲೆಗೆ ಮಡಕೆಯಂಥ ಹೆಲ್ಮೆಟ್ಟು ಹಾಕಿಕೊಂಡ ಶ್ರೀಮಂತರ ಮಕ್ಕಳು ಇಂಜಿನ್ನು ಗುರುಗುಟ್ಟಿಸುತ್ತ ಅವನ ಕೈಯನ್ನೇ ನೋಡುತ್ತಿದ್ದರು. ಆ ಕೈ ಇಳಿಯುವ ತನಕ ಯಾರೂ ಮುಂದೆ ಹೋಗುವಂತಿರಲಿಲ್ಲ. ಯತ್ತಪ್ಪನಿಗೆ ಬದುಕಿನಲ್ಲಿ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಬೇಕಿದ್ದುದು ಅವನ ಹೆಂಡತಿ ಭೀಮಕ್ಕನಿಗೆ. ಮೊಟ್ಟೆಯ ಸಂಗತಿ ಬಾಯಿ ತಪ್ಪಿ ಅವಳ ಮುಂದೆ ಬಂದದ್ದೇ ತಡ, ಒಂದು ವಾರ ಹಟ್ಟಿಯಲ್ಲಿ ಅದೇ ಮಾತಾಯಿತು. ಹನ್ನೊಂದು ವರ್ಷ ಬಿಟ್ಟಿ ದುಡಿದವನಿಗೆ ಒಂದು ಮೊಟ್ಟೆ ಹಾಕಲು ಆಗದವರು ರೇಸು ಯಾಕೆ ಮಾಡಬೇಕು ಎಂದು ಅವಳು ನೀರು ಸೇದುವಾಗ ಒಂದು ಸಲ, ಹಿಟ್ಟು ತಿರುವುವಾಗ ಒಂದು ಸಲ ಕೇಳಿದಳು. ಭಾನುವಾರ ಮಧುಗಿರಿಯಲ್ಲಿ ಸಂಸ್ಥೆಯ ಸರ್ವಸದಸ್ಯರ ಸಭೆಯೆಂದು ಗೊತ್ತಾದಾಗ, ಅಲ್ಲಿ ಎದ್ದು ನಿಂತು ಮೊಟ್ಟೆ ಕೇಳದೆ ಬಂದರೆ ರಾತ್ರಿ ಮುದ್ದೆಯೂ ಇಲ್ಲ ಎಂದಳು.

ಯತ್ತಪ್ಪ ಅರ್ಜಿ ಬರೆಸಲು ಕೊಳಾಲದ ಬಸ್‌ಸ್ಟಾಂಡಿನ ಖಲೀಲುಲ್ಲಾನ ಜೆರಾಕ್ಸ್ ಅಂಗಡಿಗೆ ಹೋದ. ಖಲೀಲುಲ್ಲಾ ಸಿರಾ ಕಡೆಯವನು. ಅಂಗಡಿಗೆ ಬಂದ ಯಾವ ಕಾಗದವನ್ನೂ ಅವನು ಪೂರ್ತಿ ಓದದೆ ಜೆರಾಕ್ಸ್ ಮಾಡುತ್ತಿರಲಿಲ್ಲ. ಹೀಗಾಗಿ ಯಾರ ಜಮೀನು ಯಾರಿಗೆ ಹೋಯಿತು, ಯಾರ ಮಗ ಯಾವ ವಿಷಯದಲ್ಲಿ ಫೇಲಾದ ಎಂಬುದು ಆಯಾ ಮನೆಯವರಿಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು. ಸಂಸ್ಥೆಯ ವಾರ್ಷಿಕ ವರದಿಯ ಇನ್ನೂರು ಪ್ರತಿ ತೆಗೆದದ್ದೂ ಅವನೇ. ಒಂದನ್ನು ಹೆಚ್ಚಿಗೆ ತೆಗೆದು ಇಟ್ಟುಕೊಂಡಿದ್ದ.

"ಅಷ್ಟು ದೊಡ್ಡ ಸಭೆಗೆ ಹೋಗಿ ಮೊಟ್ಟೆ ಕೇಳ್ತೀಯಾ ಭಾಯ್? ನಾಚ್ಕೆ ಆಗಲ್ವಾ?" ಎಂದು ಅವನು ವರದಿಯ ಆರನೇ ಪುಟ ತೆಗೆದು ಬೆರಳಿಟ್ಟ. "ಇದನ್ನ ಕೇಳು. ಆಡಳಿತ ನಿರ್ವಾಹಕರ ವೇತನ, ವರ್ಷಕ್ಕೆ ನಾಲ್ಕು ಲಕ್ಷ ಐವತ್ತಾರು ಸಾವ್ರ. ತಿಂಗಳಿಗೆ ಮೂವತ್ತೆಂಟು ಆಯ್ತು. ಸೇವಾ ಸಂಸ್ಥೆ ಅಂತ ರಿಜಿಸ್ಟ್ರು ಮಾಡ್ಸವ್ರೆ, ತೆರಿಗೆ ಮಾಫಿ ತಗೊಂಡವ್ರೆ. ನೀನು ಬಿಟ್ಟಿ ನಿಂತ್ಕೊತೀಯ. ಇಷ್ಟು ದುಡ್ಡು ಯಾರ ಜೇಬಿಗೆ ಹೋಗ್ತೈತೆ? ಹೆಸ್ರೇ ಇಲ್ಲ ನೋಡು."

ಯತ್ತಪ್ಪ ಆ ಸಾಲನ್ನು ದಿಟ್ಟಿಸಿದ. ಅದರ ಕೆಳಗಿನ ಸಾಲಿನಲ್ಲಿ ಬಾವುಟದವರ ಊಟದ ಖರ್ಚಿತ್ತು. ಅದು ಅಷ್ಟು ದೊಡ್ಡ ಅಂಕಿಯ ಪಕ್ಕದಲ್ಲಿ ಎತ್ತಿನ ಕಾಲ ಬುಡದ ಕೋಳಿಮರಿಯಂತೆ ಕಾಣುತ್ತಿತ್ತು. ಮೊಟ್ಟೆ ಕೇಳುವುದೇ ವಾಸಿ ಎಂದು ಅವನಿಗೆ ಅನಿಸಿತು. ನಂದೀಶ್ವರಯ್ಯನವರ ಜೇಬಿನ ವಿಷಯ ಎತ್ತಿದರೆ ಬಾವುಟ ಕೈತಪ್ಪುವುದು ಖಂಡಿತ. ಅದನ್ನು ಹೇಳಿದರೆ ಖಲೀಲುಲ್ಲಾ, ಕೇಳುವವನಿಗೆ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ಧೈರ್ಯ ಹೇಳಿದ. ನೀನೂ ಬಾ ಎಂದು ಕರೆದದ್ದಕ್ಕೆ, ಅಂಗಡಿ ಮುಚ್ಚಿದರೆ ಗಿರಾಕಿ ತಪ್ಪುತ್ತದೆ ಎಂದು ಇನ್ನೊಂದು ಕಾಗದದ ಮೇಲೆ ಬಗ್ಗಿದ.

ಬಸ್ಸಿನಲ್ಲಿ ಯತ್ತಪ್ಪ ಸಂಬಳದ ಪ್ರಶ್ನೆಯನ್ನು ಬಾಯಿಪಾಠ ಮಾಡುತ್ತ ಕೂತಿದ್ದ. ತುಟಿ ಅಲ್ಲಾಡುವುದನ್ನು ಕಂಡ ಕಂಡಕ್ಟರು ಏನೆಂದು ಕೇಳಿದ. ಯತ್ತಪ್ಪ ಹೇಳಿದ. ಕಂಡಕ್ಟರು ಮುಂದಿನ ಸೀಟಿನವರಿಗೆ ಹೇಳಿದ. ಕೊರಟಗೆರೆ ತಲುಪುವ ಹೊತ್ತಿಗೆ ಯತ್ತಪ್ಪ ನಂದೀಶ್ವರಯ್ಯನವರ ಮೇಲೆ ಕೇಸು ಹಾಕಿದ್ದಾನೆ ಎಂದಾಗಿತ್ತು; ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಕೇಸು ಗೆದ್ದಾಗಿತ್ತು. ಇಳಿಯುವಾಗ ಇಬ್ಬರು ಅವನ ಬೆನ್ನು ತಟ್ಟಿದರು. ಒಬ್ಬಳು ಮುದುಕಿ, ನಂದೀಶ್ವರಯ್ಯ ಚೀಟಿ ಹಣದಲ್ಲಿ ತನಗೂ ಮೋಸ ಮಾಡಿದ್ದಾನೆ, ಅದನ್ನೂ ಸೇರಿಸಿ ಕೇಳು ಎಂದಳು. ಅವಳು ಹೇಳುತ್ತಿದ್ದುದು ಬೇರೆ ಯಾರೋ ನಂದೀಶ್ವರಯ್ಯನ ವಿಷಯವೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸಭೆ ಕಲ್ಯಾಣ ಮಂಟಪವೊಂದರಲ್ಲಿತ್ತು. ವೇದಿಕೆಯ ಹಿಂದೆ ‘ಲಾಭಕ್ಕಲ್ಲ, ಸೇವೆಗೆ’ ಎಂಬ ಬ್ಯಾನರು. ಬಾಗಿಲಲ್ಲೇ ನಂದೀಶ್ವರಯ್ಯನವರು ನಿಂತಿದ್ದರು. ಬಸ್ಸಿಗಿಂತ ಮೊದಲೇ ಸುದ್ದಿ ಫೋನಿನಲ್ಲಿ ಬಂದು ಇಳಿದಿತ್ತು. ಅವರು ಎಂದೂ ಜೋರು ದನಿಯಲ್ಲಿ ಮಾತಾಡಿದವರಲ್ಲ. ಅವರ ಮಾತು ಹತ್ತಿಯಲ್ಲಿ ಸುತ್ತಿ ಕೊಟ್ಟ ಹಾಗಿರುತ್ತಿತ್ತು. ಯತ್ತಪ್ಪನ ಕೈ ಹಿಡಿದುಕೊಂಡು, "ಬಾರಪ್ಪ. ಏನೋ ಕೇಳ್ಬೇಕು ಅಂತಿದ್ದೀಯಂತೆ. ಕೇಳ್ಬೇಕು. ಕೇಳೋರಿದ್ರೇನೇ ಸಂಸ್ಥೆ ನೆಟ್ಟಗಿರೋದು" ಎಂದು ಮೊದಲ ಸಾಲಿನಲ್ಲಿ ಕೂರಿಸಿ ಕಾಫಿ ಕೊಡಿಸಿದರು.

ಕಾಫಿ ಕುಡಿಯುತ್ತ ಯತ್ತಪ್ಪನಿಗೆ ನಾಚಿಕೆಯಾಗತೊಡಗಿತು. ಇಂಥ ಮನುಷ್ಯನ ಮೇಲೆ ಸಂಶಯ ಪಟ್ಟೆನಲ್ಲ ಎಂದುಕೊಂಡ. ಮೊಟ್ಟೆಯನ್ನೂ ಕೇಳದೆ ಎದ್ದು ಹೋಗೋಣವೆಂದು ತಿರುಗಿ ನೋಡಿದರೆ ಹಿಂದೆ ನೂರಕ್ಕೂ ಹೆಚ್ಚು ಜನ ಅವನನ್ನೇ ನೋಡುತ್ತ ಕೂತಿದ್ದರು. ಹಿಂದಿನ ಸಾಲಿನವನೊಬ್ಬ ಮೊಣಕಾಲಿನಿಂದ ಅವನ ಕುರ್ಚಿ ಒತ್ತಿ, "ಏಳ್ಲಾ, ಕೇಳ್ಲಾ" ಎಂದ.

ಯತ್ತಪ್ಪ ಎದ್ದ. ಬಾಯಿಪಾಠ ಮಾಡಿದ್ದು ಅರ್ಧ ಮರೆತುಹೋಗಿತ್ತು. "ನಾವು ಬಿಟ್ಟಿ ದುಡಿಯೋರು. ಲಾಭ ಇಲ್ಲ ಅಂತೀರ. ಅಂಗಿದ್ಮ್ಯಾಕೆ ತಿಂಗ್ಳಿಗೆ ಮೂವತ್ತೆಂಟು ಸಾವ್ರ ಯಾರು ಸಂಬ್ಳ ತಗೊಳ್ತಾವ್ರೆ?" ಎಂದಷ್ಟೇ ಹೇಳಲು ಸಾಧ್ಯವಾಯಿತು.

ಸಭೆ ಗುಜುಗುಜು ಎಂದಿತು. ನಂದೀಶ್ವರಯ್ಯನವರು ಎದ್ದು ನಿಂತು ತಾಳ್ಮೆಯಿಂದ ವಿವರಿಸಿದರು. ಲಾಭವಿಲ್ಲದ ಸಂಸ್ಥೆ ಎಂದರೆ ಲಾಭ ಬರಲೇಬಾರದು ಎಂದಲ್ಲ, ಬಂದದ್ದು ಉಳಿಯಬಾರದು. ಉಳಿದರೆ ತೆರಿಗೆಯವರು ಬಂದು ಇದೇನು ಎಂದು ಕೇಳುತ್ತಾರೆ. ಉಳಿಯದ ಹಾಗೆ ನೋಡಿಕೊಳ್ಳಲು ಒಬ್ಬ ಆಡಳಿತ ನಿರ್ವಾಹಕ ಬೇಕು. ಅವನಿಗೆ ಸಂಬಳ ಕೊಟ್ಟರೆ ತಾನಾಗಿಯೇ ಉಳಿಯುವುದಿಲ್ಲ. ಈ ಮಾತು ಎಷ್ಟು ಸಲೀಸಾಗಿತ್ತೆಂದರೆ ಸದಸ್ಯರಲ್ಲಿ ಹಲವರು ತಲೆಯಾಡಿಸಿದರು. ಯತ್ತಪ್ಪನೂ ಆಡಿಸಿದ.

"ಆದ್ರೂ ನಮ್ಮ ಯತ್ತಪ್ಪ ಕೇಳಿದ್ದು ನ್ಯಾಯ" ಎಂದು ಅವರೇ ಮುಂದುವರಿಸಿದರು. "ಸೇವೆ ಅಂದ್ಮೇಲೆ ಸಂಬಳ ತಗೊಂಡಿದ್ದು ಸರಿಯಾ ಅಂತ ಸಭೆ ತೀರ್ಮಾನ ಮಾಡ್ಲಿ. ಹೆಸರು ಆಮೇಲೆ ಓದೋಣ. ಹೆಸರು ಮೊದಲೇ ಓದಿದ್ರೆ ದಾಕ್ಷಿಣ್ಯಕ್ಕೆ ಬೀಳ್ತೀವಿ. ನೀನೇ ಹೇಳಪ್ಪ, ತಗೊಂಡೋರನ್ನ ಏನ್ ಮಾಡ್ಬೇಕು?"

ನೂರು ಮುಖಗಳು ಅವನ ಕಡೆ ತಿರುಗಿದವು. ಸುತ್ತ ಧೂಳಿರಲಿಲ್ಲ, ಇಂಜಿನ್ನು ಇರಲಿಲ್ಲ ಎನ್ನುವುದನ್ನು ಬಿಟ್ಟರೆ ಅದು ರೇಸಿನ ದಿನದಂತೆಯೇ ಇತ್ತು. ಯತ್ತಪ್ಪನ ಎದೆ ಅಗಲವಾಯಿತು.

"ಸಂಸ್ಥೆಯಿಂದ ತೆಗೀಬೇಕು" ಎಂದ. "ಕೆರೆಯಂಗಳಕ್ಕೆ ಇನ್ನೊಂದ್ ಸಲ ಕಾಲಿಡಂಗಿಲ್ಲ."

"ಯಾರೇ ಆದ್ರೂ?"

"ಯಾರೇ ಆದ್ರೂ."

"ನಮಗೆ ಬೇಕಾದೋರಾದ್ರೂ?"

"ಅವ್ರನ್ನ ಮೊದ್ಲು ತೆಗೀಬೇಕು ಸ್ವಾಮಿ."

ಬರೆದುಕೊಳ್ಳಿ ಎಂದು ನಂದೀಶ್ವರಯ್ಯನವರು ಖಜಾಂಚಿಗೆ ಹೇಳಿದರು. ಖಜಾಂಚಿ ನವೀನ್ ಕುಮಾರ್ ನಂದೀಶ್ವರಯ್ಯನವರ ಅಳಿಯ, ಗಡ್ಡ ಟ್ರಿಮ್ ಮಾಡಿಸಿದ ಹುಡುಗ. ಅವನು ಸೂಚಕರು ಯತ್ತಪ್ಪ ಎಂದು ನಡಾವಳಿ ಪುಸ್ತಕದಲ್ಲಿ ಬರೆದ. ಎಲ್ಲರೂ ಕೈ ಎತ್ತಿದರು. ಯತ್ತಪ್ಪ ಎರಡೂ ಕೈ ಎತ್ತಿದ. ಇನ್ನು ಹೆಸರು ಓದು ಎಂದಾಗ ನವೀನ್ ಕುಮಾರ್ ಕಡತ ಬಿಚ್ಚಿ, ಕೆಮ್ಮಿ, ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದಿದ:

"ಆಡಳಿತ ನಿರ್ವಾಹಕರು, ಯತ್ತಪ್ಪ ಬಿನ್ ಲೇಟ್ ಕರಿಯಣ್ಣ, ಕೊಳಾಲ ಹೋಬಳಿ. ನಾಲ್ಕು ವರ್ಷದಿಂದ."

ಯತ್ತಪ್ಪ ಇನ್ನೂ ಕೈ ಇಳಿಸಿರಲಿಲ್ಲ.

ಹಿಂದಿನ ಸಾಲಿನವನು ಸದ್ದಿಲ್ಲದೆ ತನ್ನ ಮೊಣಕಾಲನ್ನು ಅವನ ಕುರ್ಚಿಯಿಂದ ಹಿಂದೆಳೆದುಕೊಂಡ. ನವೀನ್ ಕುಮಾರ್ ಕಡತವನ್ನು ತಂದು ತೋರಿಸಿದ. ತಿಂಗಳಿಗೊಂದರಂತೆ ನಲವತ್ತೆಂಟು ರಸೀದಿ, ಒಂದೊಂದರಲ್ಲೂ ರೆವಿನ್ಯೂ ಸ್ಟಾಂಪು, ಸ್ಟಾಂಪಿನ ಮೇಲೆ ಅವನದೇ ಸಹಿ. ಎಲ್ಲಿಂದ ನೋಡಿದರೂ ಅವನದೇ. ‘ಪ್ಪ’ದ ಒತ್ತಕ್ಷರ ಬಾಲ ಎತ್ತಿದ ಟಗರಿನಂತೆ ನಿಂತಿತ್ತು, ಹಾಗೆ ಬರೆಯುವವನು ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಅವನಿಗೆ ನೆನಪಾಯಿತು. ಈಚೆಗೆ ನಾಲ್ಕು ವರ್ಷ, ರೇಸು ಮುಗಿದ ಸಂಜೆ ನಂದೀಶ್ವರಯ್ಯನವರು ಒಂದು ಕಟ್ಟು ಕಾಗದ ಮುಂದಿಟ್ಟು, ನಿನ್ನ ಇನ್ಶೂರೆನ್ಸಿಗೆ ಎನ್ನುತ್ತಿದ್ದರು. ಗಾಡಿ ಗುದ್ದಿ ನೀನು ಸತ್ತರೆ ಭೀಮಕ್ಕನಿಗೆ ಎರಡು ಲಕ್ಷ ಬರುತ್ತದೆ ಎನ್ನುತ್ತಿದ್ದರು. ಅಂಥವರು ಕೊಟ್ಟ ಕಾಗದವನ್ನು ಎದುರಿಗೇ ಓದಲು ಕೂರುವುದೆಂದರೆ ಪೂಜಾರಿ ಕೊಟ್ಟ ತೀರ್ಥವನ್ನು ಮೂಸಿ ನೋಡಿದ ಹಾಗೆ. ಹಟ್ಟಿಯಲ್ಲಿ ಯಾರೂ ಅಷ್ಟು ಮರ್ಯಾದೆಗೆಟ್ಟವರಿರಲಿಲ್ಲ. ಯತ್ತಪ್ಪ ಮೈದಾನದಲ್ಲಿ ಬಿದ್ದಿದ್ದ ಟೈರಿನ ಮೇಲೆ ಕೂತು ಹನ್ನೆರಡು ಕಡೆಯೂ ಸಹಿ ಹಾಕಿ, ಕಾಗದವನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟಿದ್ದ.

"ನಾನು ಓದ್ನಿಲ್ಲ" ಎಂದ. ಇದನ್ನು ಅವನು ಜೋರಾಗಿ ಹೇಳಬೇಕೆಂದಿದ್ದ. ದನಿ ಹೊರಟದ್ದು ಅಷ್ಟೇ.

"ನಲವತ್ತೆಂಟು ಸಲಾನೂವಾ?" ಎಂದರು ಯಾರೋ. ಆಗ ಸಭೆ ನಕ್ಕಿತು. ಆ ನಗುವಿನಲ್ಲಿ ಯತ್ತಪ್ಪನಿಗೆ ಒಂದು ಸಂಗತಿ ಹೊಳೆಯಿತು: ತಾನು ತಿಂದಿದ್ದೇನೆಂದರೆ ಕಳ್ಳ, ತಿಂದಿಲ್ಲವೆಂದರೆ ಪೆದ್ದ. ಮೂರನೆಯ ಕುರ್ಚಿ ಅಲ್ಲಿರಲಿಲ್ಲ. ಕಾಲ ಬೆರಳುಗಳನ್ನು ನೋಡುತ್ತ ಕೂತ. ಅವುಗಳ ನಡುವೆ ಹೋದ ವಾರದ ರೇಸಿನ ಕೆಂಪು ಧೂಳು ಇನ್ನೂ ಇತ್ತು.

ಹದಿನೆಂಟು ಲಕ್ಷ ವಸೂಲು ಮಾಡಿ ಎಂದು ಒಂದಿಬ್ಬರು ಕೂಗಿದರು. ನಂದೀಶ್ವರಯ್ಯನವರು ಕೈ ಎತ್ತಿ ತಡೆದರು. "ಬಡವ. ತಿಂದಿದ್ದು ತಿಂದಾಯ್ತು. ಸೇವಾ ಸಂಸ್ಥೆ ನಾವು, ನಮ್ಮೋನನ್ನ ಕೋರ್ಟಿಗೆಳೆಯಲ್ಲ" ಎಂದರು. ಜೋರು ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ವಯಸ್ಸಾದವರೊಬ್ಬರು ಕಣ್ಣೊರೆಸಿಕೊಂಡರು. ಆದರೆ ಪಾಸಾದ ನಿರ್ಣಯವನ್ನು ಮುರಿಯಲು ತಮಗೆ ಅಧಿಕಾರವಿಲ್ಲ, ಇಂದಿನಿಂದ ಯತ್ತಪ್ಪ ಬಾವುಟ ಮುಟ್ಟುವಂತಿಲ್ಲ ಎಂದು ಅವರು ಬಹಳ ಸಂಕಟದಿಂದ ಹೇಳಿದರು. ಸಂಬಳ ತೆಗೆದುಕೊಳ್ಳುವವರ ಹೆಸರಿಲ್ಲದ್ದು ತಪ್ಪೆಂದು ಯತ್ತಪ್ಪನೇ ತೋರಿಸಿಕೊಟ್ಟಿದ್ದಾನೆ. ಆದ್ದರಿಂದ ತೆರವಾದ ಜಾಗಕ್ಕೆ ನವೀನ್ ಕುಮಾರನನ್ನು ತಿಂಗಳಿಗೆ ನಲವತ್ತೈದು ಸಾವಿರಕ್ಕೆ ನೇಮಿಸಿ, ಹೆಸರು ಸಮೇತ ಅಚ್ಚು ಹಾಕಿಸೋಣ ಎಂದರು. ಸೇವೆಗೆ ಸಂಬಳ ಬೇಡವೆಂದು ಹತ್ತು ನಿಮಿಷದ ಹಿಂದೆ ಕೈ ಎತ್ತಿದ್ದವರೇ ಈಗಲೂ ಎತ್ತಿದರು. ಊಟದ ಹೊತ್ತಾಗಿತ್ತು.

ಯತ್ತಪ್ಪ ಊಟಕ್ಕೆ ನಿಲ್ಲಲಿಲ್ಲ. ವಾಪಸು ಬಸ್ಸಿನಲ್ಲಿ ಅದೇ ಕಂಡಕ್ಟರು. ಈ ಸಲವೂ ಸುದ್ದಿ ಫೋನಿನಲ್ಲಿ ಬಸ್ಸಿಗಿಂತ ಮುಂದೆ ಓಡಿತ್ತು. ಅವನು ಟಿಕೆಟ್ಟು ಹರಿಯುವಾಗ ಮುಖ ನೋಡಲಿಲ್ಲ. ಚಿಲ್ಲರೆಯನ್ನು ಮಾತ್ರ ಎರಡು ಸಲ ಎಣಿಸಿ ತೆಗೆದುಕೊಂಡ. ಸೀಟಿದ್ದರೂ ಯತ್ತಪ್ಪ ಕೊಳಾಲದ ತನಕ ಹಿಂಬಾಗಿಲಲ್ಲಿ ನಿಂತೇ ಬಂದ.

ಖಲೀಲುಲ್ಲಾನಿಗಾದರೂ ನಿಜ ಹೇಳೋಣವೆಂದು ಅಂಗಡಿಗೆ ಹೋದ. ಖಲೀಲುಲ್ಲಾ ಕೈಯಲ್ಲಿದ್ದ ಕಾಗದವನ್ನು ಓದುವುದು ನಿಲ್ಲಿಸಿರಲಿಲ್ಲ. ಯತ್ತಪ್ಪ ಇನ್ಶೂರೆನ್ಸಿನ ಕತೆ ಹೇಳಿ ಮುಗಿಸಿದ ಮೇಲೆ, "ನಲವತ್ತೆಂಟು ಕಾಗದದಾಗೆ ಒಂದನ್ನೂ ಓದ್ಲಿಲ್ಲ ಅಂದ್ರೆ ಯಾರು ನಂಬ್ತಾರೆ ಭಾಯ್" ಎಂದ. "ನೀನೇ ತಿಂದು, ಕೇಳೋದು ಹೆಂಗೆ ಅಂತ ನನ್ನ ಹತ್ರಾನೇ ಬಂದ್ಯಲ್ಲ. ಅದು ನಂಗೆ ಬೇಜಾರಾಯ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಯಾವ ಕಾಗದವನ್ನೂ ಬಿಡದೆ ಓದುವ ಮನುಷ್ಯನಿಗೆ ಓದದೆ ಸಹಿ ಹಾಕುವವನೊಬ್ಬ ಲೋಕದಲ್ಲಿರಬಹುದು ಎಂದು ನಂಬಿಸುವುದು ಯತ್ತಪ್ಪನ ಕೈಲಾಗುವ ಕೆಲಸವಾಗಿರಲಿಲ್ಲ.

ಇನ್ನುಳಿದವಳು ಭೀಮಕ್ಕ. ಅವಳು ಬಯ್ಯುತ್ತಾಳೆ, ಆದರೆ ನಂಬುತ್ತಾಳೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಗಂಡನ ದಡ್ಡತನದ ಅಳತೆ ಗೊತ್ತಿರದೆ ಇರುತ್ತದೆಯೇ. ಅವಳೆದುರು ಕೂತು ಎಲ್ಲವನ್ನೂ ಹೇಳಿಬಿಟ್ಟರೆ ಮೈಮೇಲಿನ ಕೊಳೆ ಅರ್ಧ ಇಳಿಯುತ್ತದೆ ಎಂದುಕೊಂಡು ಯತ್ತಪ್ಪ ಹಟ್ಟಿಯ ದಾರಿ ಹಿಡಿದ.

ಮನೆಯ ಜಗಲಿಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು. ನಡುವೆ ಭೀಮಕ್ಕ ತೊಳೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕೂತಿದ್ದಳು. ಅವನನ್ನು ಕಂಡು, "ಬಂದ್ರು ನೋಡಿ ನಮ್ಮೋರು" ಎಂದಳು. ಮದುವೆಯಾದಂದಿನಿಂದ ಅವಳು ಅವನಿಗೆ ಬಹುವಚನ ಬಳಸಿದ್ದು ಅದೇ ಮೊದಲು. ಯತ್ತಪ್ಪ ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿ ನೋಡಿದ.

ಅವಳು ನೀರು ಕೊಡುವ ನೆಪದಲ್ಲಿ ಅವನನ್ನು ಒಳಗೆ ಕರೆದೊಯ್ದಳು. ಯತ್ತಪ್ಪ ಬಾಯಿ ತೆರೆಯುವ ಮೊದಲೇ ಚೊಂಬು ಕೈಗಿಟ್ಟು ಪಿಸುದನಿಯಲ್ಲಿ ಹೇಳಿದಳು:

"ನೀನು ಒಂದ್ ಕಾಸೂ ಮುಟ್ಟಿಲ್ಲ ಅಂತ ನಂಗೊತ್ತಿಲ್ವಾ. ಆದ್ರೆ ಬಾಯ್ ಬುಡಬ್ಯಾಡ. ಹೌದು, ತಿಂಗ್ಳಾ ತಿಂಗ್ಳಾ ತಂದ್ಕೊಡ್ತಿದ್ದ, ನಾನೇ ಇಟ್ಕಂಡಿವ್ನಿ ಅಂತ ಹೇಳ್ಬುಟ್ಟಿವ್ನಿ. ಕಳ್ಳನ ಹೆಂಡ್ರು ಅಂದ್ರೆ ನಾಕ್ ದಿನ ಆಡ್ಕಂತಾರೆ, ಆಮ್ಯಾಕೆ ಸಾಲ ಕೇಳಕ್ಕೆ ಬತ್ತಾರೆ. ಪೆದ್ದನ ಹೆಂಡ್ರು ಅಂದ್ರೆ ಸಾಯೋಗಂಟ ನಗ್ತಾರೆ ಕಣ."

ಅವನನ್ನು ನಂಬಿದ ಒಂದೇ ಜೀವ ನಿಜವನ್ನು ಹೊಸ್ತಿಲಾಚೆ ದಾಟಿಸಬೇಡ ಎನ್ನುತ್ತಿತ್ತು.

ಹೊರಗೆ ಬಂದಾಗ ಪಕ್ಕದ ಮನೆಯ ಮಾರಕ್ಕ ಎದ್ದು ನಿಂತಳು. ಅವಳ ಅಳಿಯ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ವಾಚ್‌ಮನ್. ಅವನ ಸಂಬಳದ ಮಾತನ್ನು ಮೂರು ವರ್ಷದಿಂದ ಹೇಳಿ ಹೇಳಿ ಹಟ್ಟಿಯವರ ಕಿವಿ ತೂತು ಮಾಡಿದವಳು ಅವಳು. ಇವತ್ತು ಸೆರಗು ಹೊದ್ದುಕೊಂಡು ದನಿ ತಗ್ಗಿಸಿದಳು.

"ಅಣ್ಣ, ನಿಮಗೆ ಮೇಲಿನೋರ ಗುರ್ತು ಐತಂತಲ್ಲ. ನಮ್ ಅಳಿಯಂಗೂ ಅಂಥದ್ದೊಂದ್ ಕಡೆ ಹೇಳಿ. ಬಿಸ್ಲಾಗೆ ನಿಂತು ನಿಂತು ಸಾಯ್ತಾವ್ನೆ. ನಿಮ್ದು ಹೆಂಗೋ ನೆರಳಾಗ್ ಕೂತು ತಗೊಳೋ ಸಂಬ್ಳ."

ಯತ್ತಪ್ಪ ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನೋಡಣ ಕಣಕ್ಕ" ಎಂದ. "ಒಂದ್ ಮಾತು ಹೇಳಿ ನೋಡ್ತೀನಿ."

ಜಗಲಿಯ ಮೇಲಿನ ಹೆಂಗಸರು ಅತ್ತಿತ್ತ ಸರಿದು ಅವನಿಗೆ ಜಾಗ ಬಿಟ್ಟರು. ಯತ್ತಪ್ಪ ತಲೆ ತಗ್ಗಿಸಿಕೊಂಡು ಅವರ ನಡುವೆ ಕೂತ.